ಕಿಡಕಿ ಗಾಜಿನ ಆಚಿ ಮಾತು

ಕಲಘಟಗಿ ಬಸ್‌ಸ್ಟ್ಯಾಂಡಿನಾಗ ನಮ್ಮೂರು ತಂಬೂರಿಗೆ ಹೋಗೋ ಬಸ್ ಹತ್ತಿ ಕುಂತಿದ್ದೆ. ಕೆಳಗ ನನ್ನ ಮಗಳು ಜಾಸ್ಮಿನ್, ಕಿವುಡ ಮಕ್ಕಳ ವಸತಿ ಸಾಲಿಯ ತನ್ನ ಟೀಚರ್ ಜೋಡಿ ನಿಂತಿದ್ಳು. ಮುಚ್ಚಿದ್ದ ಕಿಡಕಿ ಗಾಜು ಜಾಮ್ ಆಗಿತ್ತು. ಆದ್ರ ನಮಗೇನು? ಇಬ್ಬರೂ ಕೈಯಾಗ ಮಾತಾಡಾಕತ್ತಿದ್ವಿ. ಆ ಕೈಸನ್ನಿ ಭಾಷಾ ನಾನೂ ಅದೇ ಸಾಲ್ಯಾಗ ಎರಡು ವರ್ಷ ಐತವಾರಕ್ಕೊಮ್ಮೆ ಹೋಗಿ ಕಲ್ತೀನಿ.

ಬಾಜೂ ಕುಂತಿದ್ದ ಅಕ್ಕಾರು ನೋಡಿ, "ಪಾಪ, ಹುಡುಗಿಗೆ ಮಾತು ಬರಂಗಿಲ್ಲೇನ್ರಿ?" ಅಂದ್ರು. ಈ 'ಪಾಪ' ಕೇಳಿದ್ರ ನನಗ ಮೈಯೆಲ್ಲಾ ಉರೀತೈತಿ.

ಬಸ್ ಚಾಲೂ ಆತು. ಅಕ್ಕಾರು ಒಮ್ಮೆಲೇ ಗಾಜು ಬಡದು, ಕೆಳಗಿದ್ದ ತಮ್ಮ ಸೊಸಿಗೆ ಒದರಾಕ ಹತ್ತಿದ್ರು. "ನನ್ನ ಫೋನ್ ನಿನ್ನ ಚೀಲದಾಗ ಐತಿ!" ಸೊಸಿಗೆ ಕೇಳಬೇಕಲ್ಲ! ಆಕಿ ನಕ್ಕೋತ ಟಾಟಾ ಮಾಡಾಕತ್ತಿದ್ಳು.

ನಾನು ಜಾಸ್ಮಿನ್‌ಗೆ ನಾಕು ಸನ್ನಿ ಮಾಡಿದೆ. ಆಕಿ ಓಡಿಹೋಗಿ ಸೊಸಿ ಹೆಗಲು ಮುಟ್ಟಿ, ಚೀಲ ತೋರಿಸಿ, ಕಿವಿಗೆ ಫೋನ್ ಹಿಡಿದಂಗ ಮಾಡಿ, ಬಸ್ಸಿನ ಕಡೆ ಬೆರಳು ಮಾಡಿದ್ಳು. ಸೊಸಿ ಗಾಬರಿಯಾಗಿ ಚೀಲ ತಡಕಾಡಿದ್ಳು. ಫೋನ್ ತಗದು, ಓಡಿ ಬಂದು ಬಾಗಿಲದಾಗ ನಿಂತಿದ್ದ ಕಂಡಕ್ಟರ್ ಕೈಗೆ ಕೊಟ್ಳು.

ಬಸ್ ತಿರುವು ದಾಟೂತನಕ ಜಾಸ್ಮಿನ್ ನನ್ನ ಜೋಡಿ ಕೈಯಾಗ ಮಾತಾಡಿಕೋತನ ಇದ್ಳು. ಫೋನ್ ಎದಿಗೆ ಅವಚಿಕೊಂಡು ಅಕ್ಕಾರು ಕೇಳಿದ್ರು, "ಏನಂತಾಳ್ರಿ ನಿಮ್ಮ ಮಗಳು?"

ಇದ್ದದ್ದು ಇದ್ದಂಗ ಹೇಳಿದೆ.

"'ಪಾಪ, ಆ ಅಮ್ಮಾರಿಗೆ ಮಾತು ಬರಂಗಿಲ್ಲೇನು?' ಅಂತ ಕೇಳಾಕತ್ಯಾಳ್ರಿ."