ಡಬ್ಬಿಗೆ ಹಚ್ಚಿದ ಕರ್ಪೂರ

ಪೆರುಮಾಳನ ಬಲಗೈ ಬೆರಳು ಮುರಿದದ್ದು ಬೆಳಗಿನ ತಿಂಡಿ ಹೊತ್ತಿಗೆ. ಮುರಿದವನು ವೆಂಕಿ, ಮುರಿಸಿದವನು ಅವನ ಯಜಮಾನ, ಬಂಗಾರಪೇಟೆಯ ನೀರಿನ ಟ್ಯಾಂಕರ್ ಮಾಲೀಕ ರಾಜ್‌ಕುಮಾರ. ಬೇತಮಂಗಲದ ಪಂಪ್‌ಹೌಸಿನಲ್ಲಿ ಒಬ್ಬನೇ ಡ್ಯೂಟಿ ಮೇಲಿದ್ದ ಆ ವಯಸ್ಸಾದ ಆಪರೇಟರನ ಕೈಯನ್ನು ಕಬ್ಬಿಣದ ಬಾಗಿಲ ಸಂದಿಗೆ ಇಟ್ಟು, ಬಾಗಿಲನ್ನು ಒದ್ದು ಮುಚ್ಚಿದರು. ಪಾಪಿಗಳು! ಅವನು ಕೂಗಿಕೊಂಡದ್ದು ಕೆರೆ ಏರಿ ಮೇಲಿನ ಎಮ್ಮೆಗಳಿಗೆ ಬಿಟ್ಟರೆ ಯಾರಿಗೂ ಕೇಳಿಸಲಿಲ್ಲ.

ಇಷ್ಟೆಲ್ಲ ಯಾತಕ್ಕಂತೀರಾ? ಗೋಡೆ ಮೇಲಿದ್ದ ಟಿಫನ್ ಬಾಕ್ಸಿನಷ್ಟು ದೊಡ್ಡ ಅಡಾಪ್ಟರ್ ಡಬ್ಬಿಗಾಗಿ. ಬಂಗಾರಪೇಟೆ ಆಫೀಸಿನಲ್ಲಿ ಕೂತವರು 'ಊರಿಗಾಂ ವಾಲ್ವು ತೆಗಿ' ಅಂತ ಕಂಪ್ಯೂಟರ್ ಒತ್ತಿದರೆ, ಫೋನ್ ಲೈನಿನಲ್ಲಿ ಬರುವ ಆ ಆರ್ಡರನ್ನು ವಾಲ್ವಿನ ಮೆಷಿನ್ನಿಗೆ ಮುಟ್ಟಿಸುವುದು ಇದೇ. ಮೆಷಿನ್ನು ಹಳೇದು, ನಿಧಾನ. ಅದಕ್ಕೇ ಡಬ್ಬಿ ಆಫೀಸಿಗೆ 'ತಡಿ' ಅನ್ನುತ್ತೆ, ಒಂದು ತುತ್ತು ಇಳಿದ ಮೇಲೆ 'ಹೂಂ, ಕಳಿಸು' ಅನ್ನುತ್ತೆ. ಫ್ಲೋ ಕಂಟ್ರೋಲ್ ಅಂದರೆ ಅಷ್ಟೇ. ಅದನ್ನು ಆಫ್ ಮಾಡಿದರೆ ಆರ್ಡರೆಲ್ಲ ಅರ್ಧಂಬರ್ಧವಾಗಿ, ವಾಲ್ವು ಮಿಸುಕೋದೇ ಇಲ್ಲ. ಆಮೇಲೆ ಊರಿಗಾಂ ಲೈನುಗಳ, ಅಂದರೆ ಗಣಿ ಕೂಲಿಗಳ ಸಾಲುಮನೆಗಳ ಜನ ಬಿಂದಿಗೆ ಹಿಡಿದು ಟ್ಯಾಂಕರಿಗೇ ಕಾಯಬೇಕು. ರಾಜ್‌ಕುಮಾರನಿಗೆ ಬೇಕಾದ್ದೂ ಅದೇ. ಡಬ್ಬಿ ಒಡೆದರೆ ಪೊಲೀಸರು ಬರುತ್ತಾರೆ. ಸೆಟ್ಟಿಂಗ್ ಕೆಟ್ಟರೆ ಆಫೀಸಿನವರು ಫೋನ್ ಲೈನನ್ನು ಬೈದುಕೊಂಡು ಸುಮ್ಮನಿರುತ್ತಾರೆ.

"ಇನ್ನೊಂದು ಕೈ ಐತಲ್ಲ, ಅದ್ರಲ್ಲಿ ಒತ್ತು" ಅಂದ ರಾಜ್‌ಕುಮಾರ.

"ಬ್ಯಾಡ ರಾಜಣ್ಣ. ಇವತ್ತು ಊರಿಗಾಂ ಸರದಿ. ನನ್ನ ಎಂಡ್ತಿ ಕನಕಮ್ಮನೂ ನಲ್ಲಿ ಮುಂದೆ ಕುಂತವ್ಳೆ. ಲೈನಿನಾಗೆ ಹಸುಗೂಸುಗಳವೆ."

ವೆಂಕಿ ಸ್ಪ್ಯಾನರ್ ಎತ್ತಿ ಪಕ್ಕೆಗೆ ಬಾರಿಸಿದ. ಇನ್ನೊಂದು ಏಟು ಬಾಯಿಗೆ. ಪೆರುಮಾಳ್ ರಕ್ತ ಉಗಿದು, ಡಬ್ಬಿಗೆ ಸೇರಿಸಿದ್ದ ಕಂಪ್ಯೂಟರಿನ ಕೀಬೋರ್ಡನ್ನು ಹತ್ತಿರಕ್ಕೆ ಎಳೆದುಕೊಂಡ. ಎಡಗೈಯಲ್ಲೇ ಒತ್ತಿ ಫ್ಲೋ ಕಂಟ್ರೋಲ್ ಆಫ್ ಮಾಡಿದ.

"ಸೇವ್ ಮಾಡ್ಲಾ! ನಂಗೂ ಗೊತ್ತೈತೆ" ಅಂದ ವೆಂಕಿ. ಹಿಂದೆ ಕೇಬಲ್ ಟಿವಿ ವೈರು ಎಳೆದವನು, ಮಹಾ ಪಂಡಿತ!

ಡಬ್ಬಿಯೊಳಗೆ ಸೆಟ್ಟಿಂಗ್ ಇಡೋಕೆ ಎರಡು ಜಾಗ: ಸೊನ್ನೆ ಪ್ರೊಫೈಲು, ಒಂದನೇ ಪ್ರೊಫೈಲು. ಕರೆಂಟು ಹೋಗಿ ಬಂದರೆ ಡಬ್ಬಿ ಓದಿಕೊಳ್ಳುವುದು ಸೊನ್ನೆಯನ್ನೇ. ಹಳೇ ಸರಿಯಾದ ಸೆಟ್ಟಿಂಗ್ ಅಲ್ಲೇ ಇತ್ತು. ಪೆರುಮಾಳ್ ಅದನ್ನು ಮುಟ್ಟದೆ ಒಂದರಲ್ಲಿ ಸೇವ್ ಮಾಡಿದ. ಪರದೆ ಮೇಲೆ ಓಕೆ ಬಂತು, ವೆಂಕಿಗೆ ಅಷ್ಟು ಸಾಕಾಯಿತು.

ಆಫೀಸಿನಿಂದ ಆರ್ಡರು ಬಂತು. ಡಬ್ಬಿಯ ದೀಪ ಪಟಪಟ ಮಿಟುಕಿತು, ವಾಲ್ವು ಅಲ್ಲಾಡಲಿಲ್ಲ. ರಾಜ್‌ಕುಮಾರ ತೊಡೆ ತಟ್ಟಿ ನಕ್ಕ. 'ಮುರುಗಾ, ಒಂದು ಸಲ ಕರೆಂಟ್ ತೆಗಿಯಪ್ಪಾ' ಅಂತ ಪೆರುಮಾಳ್ ಒಳಗೇ ಬೇಡಿಕೊಂಡ. ದಿನಾ ಹೋಗುವ ಹಾಳು ಕರೆಂಟು ಅವತ್ತೇ ಗೂಟ ಹೊಡೆದುಕೊಂಡು ಕೂತಿತ್ತು.

ಆದರೆ ರಾಜ್‌ಕುಮಾರನಿಗೊಂದು ಪದ್ಧತಿ. ಲಾರಿಯೋ ಮೋಟರೋ ತನ್ನ ಕೈಗೆ ಬಂದ ದಿನ ಅದನ್ನು ಆಫ್ ಮಾಡಿ, ಪೂಜೆ ಮಾಡಿ, ತನ್ನ ಕೈಯಾರೆ ಮತ್ತೆ ಚಾಲೂ ಮಾಡಬೇಕು.

"ಶುಕ್ರವಾರ ಕಣ್ಲಾ. ಪೂಜೆ ಮಾಡ್ದೆ ಬಿಟ್ರೆ ಒಳ್ಳೇದಾಗಲ್ಲ" ಅಂದವನೇ ಮೈನ್ ಸ್ವಿಚ್ ಇಳಿಸಿದ. ಡಬ್ಬಿಗೆ ಕುಂಕುಮ ಇಟ್ಟು, ಕರ್ಪೂರ ಬೆಳಗಿ, ನಿಂಬೆಹಣ್ಣು ತುಳಿದ. ಬೆರಳು ಮುರಿಸಿದವನ ಭಕ್ತಿ ನೋಡಿ! ಕೈ ಮುಗಿದು ಸ್ವಿಚ್ ಎತ್ತಿದ.

ಡಬ್ಬಿ ಕಣ್ಣು ಬಿಟ್ಟು, ಸೊನ್ನೆಯನ್ನೇ ಓದಿಕೊಂಡಿತು. ಆಫೀಸಿನವರು ಇನ್ನೊಂದು ಸಲ ಒತ್ತಿದ್ದರು. ವಾಲ್ವು ಗೊರಗುಟ್ಟಿ ತೆರೆದು, ನೀರು ಪೈಪಿನಲ್ಲಿ ಧಡಧಡ ಊರಿಗಾಂ ಕಡೆಗೆ ನುಗ್ಗಿತು.

"ಏನ್ಲಾ ಮಾಡ್ದೆ, ಬೋಳಿಮಗ್ನೆ?" ಅಂತ ರಾಜ್‌ಕುಮಾರ ಅರಚಿದ.

"ನಾನೇನ್ ಮಾಡ್ದೆ? ಪೂಜೆ ನಿಂದೇ ಅಲ್ವಾ."

ಸ್ಪ್ಯಾನರ್ ಪೆರುಮಾಳನ ತಲೆಗೆ ಬಿತ್ತು. ಕಿವಿ ಮೇಲೆ ರಕ್ತ ಬಿಸಿಬಿಸಿಯಾಗಿ ಇಳಿಯಿತು. "ಮತ್ತೆ ಒತ್ತು. ಸರಿಯಾಗಿ ಒತ್ತು. ಇಲ್ದಿದ್ರೆ ಕಲ್ಲು ಕಟ್ಟಿ ಕೆರೆಗೆ ಆಕ್ತೀನಿ" ಅಂದ ರಾಜ್‌ಕುಮಾರ.

ಪೆರುಮಾಳನಿಗೂ ಜೀವಭಯ ಇತ್ತು. ಇನ್ನೊಂದು ಏಟು ಬಿದ್ದರೆ ತಾನು ಒತ್ತಿಬಿಡುತ್ತೇನೆ ಅಂತ ಅವನಿಗೇ ಗೊತ್ತಿತ್ತು. ಎಡಗೈ ನೋಡಿಕೊಂಡ. ಗೋಡೆ ಹಿಡಿದು ಎದ್ದು, ಬಾಗಿಲ ಹತ್ತಿರ ಹೋಗಿ, ಆ ಕೈಯನ್ನು ತಾನೇ ಸಂದಿಗೆ ಇಟ್ಟ. ಇದ್ದಬದ್ದ ಶಕ್ತಿಯೆಲ್ಲ ಕಾಲಿಗೆ ತಂದು ಬಾಗಿಲನ್ನು ಜಾಡಿಸಿ ಒದ್ದ.

ಈ ಸಲ ಕೂಗಿಕೊಂಡವನು ವೆಂಕಿ. "ಅಣ್ಣಾ, ನಂಗೆ ಒತ್ತಕ್ ಬರಲ್ಲ!"

ಪೆರುಮಾಳ್ ಕುಸಿದು ಪೈಪಿಗೆ ಒರಗಿ ಕೂತ. ಬೆನ್ನ ಹಿಂದೆ ನೀರು ಓಡುತ್ತಲೇ ಇತ್ತು. ಎರಡೂ ಕೈ ಮಡಿಲಲ್ಲಿಟ್ಟುಕೊಂಡು, "ಈಗ ಯಾರ್ ಒತ್ತೀರೋ ಒತ್ರಪ್ಪಾ" ಅಂದ.