ಹನ್ನೊಂದರ ಗಂಟೆ, ಗೆಬ್‌ಹಾರ್ಟನ ಹ್ಯಾಟು

ಹನ್ನೊಂದರ ಗಂಟೆ ಹೊಡೆದು ನಿಂತರೂ ಅಜ್ಜಿಯ ಗುದ್ದಲಿ ನಿಲ್ಲಲಿಲ್ಲ. ಲಿಯೋನಿ ದ್ರಾಕ್ಷಿತೋಟದ ಕಲ್ಲುಮೆಟ್ಟಿಲ ಮೇಲೆ ಹಾಗೇ ನಿಂತುಬಿಟ್ಟಳು. ನೆಕ್ಕಾರ್ ಹೊಳೆಯ ದಂಡೆಯ ಆ ಗುಡ್ಡದಲ್ಲಿ ಇಗರ್ಜಿಯ ಗಂಟೆ ಕೇಳಿದೊಡನೆ ಹೆಂಗಸರು ಕೆಲಸ ಬಿಟ್ಟು ಅಡಿಗೆಗೆ ಇಳಿಯುವುದು ಆದಮನ ಅಜ್ಜಿಯ ಕಾಲದಿಂದ ಬಂದದ್ದು. ಎಲ್ಲರೂ ಇಳಿಯುತ್ತಿದ್ದರು. ಅಜ್ಜಿ ಓಟಿಲಿಯೆ ಮಾತ್ರ ಅಗೆಯುತ್ತಿದ್ದಳು.

"ಅಜ್ಜಿಗೆ ಕಿವಿ ಕೇಳಿಸುತ್ತಾ ನೋಡ್ಕೊಂಡು ಬಾ. ಇಲ್ದಿದ್ರೆ ಅವಳು ಗುಡ್ಡ ಹತ್ತೋದು ಇವತ್ತಿಗೆ ಸಾಕು," ಎಂದು ಅಮ್ಮ ಹೇಳಿ ಕಳಿಸಿದ್ದಳು.

ಭುಜ ಮುಟ್ಟಿದಾಗ ಅಜ್ಜಿ ಬೆಚ್ಚಿಬಿದ್ದಳು.

"ಗಂಟೆ ಹೊಡೀತಲ್ಲ, ಅಜ್ಜಿ."

"ಸತ್ತೋರೂ ಎದ್ದು ಕೂರೋ ಹಾಗೆ ಬಡೀತಾರೆ, ಕೇಳಿಸ್ದೇ ಏನೇ? ಈ ಸಾಲು ಮುಗಿಸೋಣ ಅಂತಿದ್ದೆ."

ಇಬ್ಬರೂ ಗೋಡೆಯ ಮೇಲೆ ಎದುರುಬದುರು ಕುಳಿತರು. ಲಿಯೋನಿ ಯೂನಿವರ್ಸಿಟಿಯಲ್ಲಿ ಓದುತ್ತಿದ್ದದ್ದು ಪದಗಳ ಹುಟ್ಟನ್ನು.

"ಕೆಲಸ ನಿಲ್ಸೋದಕ್ಕೆ 'ಔಫ್‌ಹೋರೆನ್' ಅಂತೀವಲ್ಲ ಅಜ್ಜಿ, ಅದರಲ್ಲಿರೋ 'ಹೋರೆನ್' ಕೇಳೋದೇ ತಾನೆ? ಮೊದಲು ಕಿವಿ ನಿಮಿರಿಸಿ ಕೇಳೋದಕ್ಕೇ ಹಾಗಂತಿದ್ರಂತೆ. ಕೇಳ್ಬೇಕಂದ್ರೆ ಕೈಲಿರೋದನ್ನ ಬಿಡ್ಬೇಕಲ್ಲ? ಆಮೇಲೆ ಬಿಡೋದಕ್ಕೇ ಆ ಹೆಸರು ನಿಂತುಹೋಯ್ತು."

"ಇದನ್ನ ಕಲಿಯೋಕೆ ಅಷ್ಟು ದೂರ ಹೋದ್ಯಾ? ನಿಮ್ಮ ತಾತ ಕೇಳ್ತಾನೂ ಇರ್ಲಿಲ್ಲ, ಏನನ್ನೂ ಬಿಡ್ತಾನೂ ಇರ್ಲಿಲ್ಲ!" ಅಜ್ಜಿ ಗುಡ್ಡ ನಡುಗುವಂತೆ ನಕ್ಕಳು. ನಗು ಅರ್ಧಕ್ಕೇ ನಿಂತಿತು. "ಹಾಗಾದ್ರೆ ಕೇಳಿಸ್ದೇ ಇರೋರು ಏನು ಮಾಡ್ಬೇಕಂತೆ?"

ಲಿಯೋನಿ ಅವಳ ಮಣ್ಣುಗೈ ಹಿಡಿದಳು.

"ಕೆಳಗಿನ ತೋಟದ ಗೆಬ್‌ಹಾರ್ಟ್ ನಿಲ್ಸಿದಾಗ ನಾನೂ ನಿಲ್ಸ್ತಿದ್ದೆ ಕಣೆ. ಆ ಮುದುಕ ಹಲ್ಲು ಕೀಳಿಸೋಕೆ ಇವತ್ತೇ ಹೋಗ್ಬೇಕಿತ್ತಾ? ಇರೋದೇ ಎರಡು! ನಿಮ್ಮಮ್ಮಂಗೆ ಹೇಳಿದ್ಯೋ, ನಿನ್ನನ್ನೂ ಬೇಳೆ ಜೊತೆ ಬೇಯಿಸ್ಬಿಡ್ತೀನಿ."

ಇಳಿಯುವಾಗ ಗೆಬ್‌ಹಾರ್ಟ್ ಎದುರಾದ. ಕೆನ್ನೆ ಕುಂಬಳಕಾಯಿಯಾಗಿತ್ತು. ಅವನು ಹಲ್ಲಿನ ಸುದ್ದಿ ಎತ್ತದೆ ಲಿಯೋನಿಯನ್ನು ಮೆಲ್ಲಗೆ ಕೇಳಿದ: "ಇವತ್ತು ಇವಳನ್ನ ನಿಲ್ಸಿದ್ದು ಯಾರಮ್ಮಾ?"

"ಏನಂತಾನೆ?" ಎಂದಳು ಅಜ್ಜಿ.

"ಹಲ್ಲು ನೋವಂತೆ!" ಎಂದು ಲಿಯೋನಿ ಕೂಗಿದಳು.

ಮರುದಿನ ಗಂಟೆ ಹೊಡೆಯುವ ಹೊತ್ತಿಗೆ ಅಮ್ಮ ಅಡಿಗೆಮನೆಯ ಬಾಗಿಲಲ್ಲಿ ಗುಡ್ಡ ನೋಡುತ್ತ ನಿಂತಿದ್ದಳು, ಲಿಯೋನಿ ಪಕ್ಕದಲ್ಲಿ. ಹೆಂಗಸರೆಲ್ಲ ಇಳಿಯತೊಡಗಿದರು. ಅಜ್ಜಿಯ ಗುದ್ದಲಿ ಇನ್ನೂ ಏಳುತ್ತ ಬೀಳುತ್ತ ಇತ್ತು. ಕೆಳಗಿನ ತೋಟದಲ್ಲಿ ಗೆಬ್‌ಹಾರ್ಟ್ ಕೆನ್ನೆಗೆ ಕಟ್ಟಿದ ಬಟ್ಟೆಯಲ್ಲೇ ನೆಟ್ಟಗಾದ. ಹ್ಯಾಟು ತೆಗೆದು ಗುದ್ದಲಿಯ ಹಿಡಿಗೆ ಸಿಕ್ಕಿಸಿ, ಎರಡೂ ಕೈಯಲ್ಲಿ ಎತ್ತಿ ಹಿಡಿದ.

"ಅಜ್ಜಿ ನಿಲ್ಸಿದ್ರು ನೋಡಮ್ಮಾ," ಎಂದಳು ಲಿಯೋನಿ.

ಮೇಲೆ ಗುದ್ದಲಿ ನಿಂತಿತ್ತು. ಹ್ಯಾಟು ಇನ್ನೂ ಇಳಿದಿರಲಿಲ್ಲ.