ಮದುವಣಗಿತ್ತಿಯ ಬೈಕಿಗೆ ಆಯಿಲ್ ಕೂಲರ್

ಅನೆಸ್ತಿಸನ ಬೈಕಿಗೆ ನಲವತ್ತಾರು ವರ್ಷ. ಅದರ ಪಕ್ಕಕ್ಕೆ ಅಂಟಿಕೊಂಡ ಸೈಡ್‌ಕಾರಿಗೂ ಹೆಚ್ಚುಕಮ್ಮಿ ಅಷ್ಟೇ ವಯಸ್ಸು. ಸೇರೆಸ್ ಪೇಟೆಯ ಸುತ್ತಮುತ್ತ ಇಂಥ ಇನ್ನೊಂದು ಗಾಡಿ ಇಲ್ಲ ಎಂದು ಅವನು ಎದೆಯುಬ್ಬಿಸಿ ಹೇಳುತ್ತಿದ್ದ. ಇಲ್ಲದ್ದಕ್ಕೆ ಕಾರಣವೂ ಇತ್ತು. ಬುದ್ಧಿಯಿದ್ದವರೆಲ್ಲ ಯಾವತ್ತೋ ಮಾರಿ ಕೈತೊಳೆದುಕೊಂಡಿದ್ದರು.

ಮಗಳು ಎವಾಂಥಿಯಾಳಿಗೆ ಹೆಸರಿಡುವ ದಿನ ಈ ಬೈಕು ಚರ್ಚಿನ ದಾರಿಯಲ್ಲಿ ನಿಂತಿತು. ಅವಳ ಶಾಲೆಯ ಮೊದಲ ದಿನ ಸೇತುವೆ ಮೇಲೆ ನಿಂತಿತು. ಯೂನಿವರ್ಸಿಟಿ ಪರೀಕ್ಷೆಯ ದಿನ ಹೆದ್ದಾರಿಯಲ್ಲಿ ಹೊಗೆ ಉಗುಳುತ್ತ ನಿಂತಾಗ, ಹುಡುಗಿ ಕಲ್ಲಂಗಡಿ ಲಾರಿಯ ಮೇಲೆ ಕೂತು ಪರೀಕ್ಷೆಗೆ ಹೋದಳು. ಇಷ್ಟಾದರೂ ಅನೆಸ್ತಿಸನನ್ನು ಕೇಳಿದರೆ ಬೈಕು ಎಂದೂ ಕೆಟ್ಟದ್ದೇ ಇಲ್ಲ, 'ಸ್ವಲ್ಪ ಬಿಸಿಯಾಗಿತ್ತು' ಅಷ್ಟೆ.

ಅಂಥ ಎವಾಂಥಿಯಾಳೇ ಮದುವೆ ಗೊತ್ತಾದ ಮೇಲೆ ಒಂದು ಭಾನುವಾರ ಊಟದ ಮೇಜಿನಲ್ಲಿ, "ಚರ್ಚಿಗೆ ನಾನು ಅಪ್ಪನ ಸೈಡ್‌ಕಾರಲ್ಲೇ ಹೋಗೋದು" ಎಂದುಬಿಟ್ಟಳು.

ತಾಯಿ ದೆಸ್ಪಿನಾಳ ಕೈಯಿಂದ ಚಮಚ ಜಾರಿತು. "ಜ್ವರ ಗಿರ ಬಂದಿದೆಯೇನೆ ನಿಂಗೆ? ನಿಮ್ಮ ಮಾವ ಲಾಂಬ್ರೊಸ್ ಹೊಸ ಕಾರು ಕೊಡ್ತೀನಿ ಅಂದಿದ್ದಾನೆ. ಕರೀ ಕಾರು, ಒಳಗೆ ಏಸಿ."

"ಗೊತ್ತಮ್ಮ. ಮಾವನ ಕಾರು ಹಿಂದೆ ಬರ್ಲಿ. ಅಪ್ಪಾ, ನಿಂಗೆ ಒಂದೇ ಮಾತು. ಮನೆ ಬಾಗಿಲಿಂದ ಚರ್ಚಿನ ಬಾಗಿಲ ತನಕ ಎಂಜಿನ್ನು ಆರಬಾರದು. ಆರಿತು ಅಂದ್ರೆ ಮಾವನ ಕಾರು ಹತ್ಕೊಂಡು ಹೋಗ್ತೀನಿ, ನೀನು ಹಿಂದಿಂದ ನಡ್ಕೊಂಡು ಬಾ."

ಅನೆಸ್ತಿಸ್ ನಕ್ಕ. ಆದರೆ ಮಗಳು ತಮಾಷೆ ಮಾಡುತ್ತಿರಲಿಲ್ಲ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಮದುವೆ ಜುಲೈ ತಿಂಗಳಲ್ಲಿ, ಸಂಜೆ ಆರಕ್ಕೆ. ಆ ಹೊತ್ತಿಗೂ ಡಾಂಬರು ಕಾಲಿಗೆ ಅಂಟುವ ಬಿಸಿಲು. ವಿಷಯ ಕಾಫಿ ಅಂಗಡಿಯ ಮುಂದೆ ಇಡಲಾಯಿತು. ಆ ಅಂಗಡಿಯಲ್ಲಿ ಕೂತವರಿಗೆ ಗೊತ್ತಿಲ್ಲದ ವಿಷಯ ಅಂತ ಭೂಮಿಯ ಮೇಲಿಲ್ಲ. ಒಂದು ತಂಪು ಕಾಫಿ ಮುಗಿಯುವುದರೊಳಗೆ ತೀರ್ಪು ಬಂತು: ಆಯಿಲ್ ಕೂಲರ್ ಹಾಕಬೇಕು. ಕಾದ ಎಣ್ಣೆ ಎಂಜಿನ್ನಿನಿಂದ ಹೊರಬಂದು, ಮುಂದೆ ಕಟ್ಟಿದ ಜಾಲರಿಯೊಳಗೆ ಹರಿದು, ತಣ್ಣಗಾಗಿ ವಾಪಸು ಹೋಗುತ್ತದೆ. ಇಷ್ಟು ಸುಲಭದ ಸಂಗತಿಯ ಮೇಲೆ ಮೂರು ವಾರ ಜಗಳ ನಡೆಯಿತು.

ಹೆಡ್‌ಲೈಟಿನ ಕೆಳಗೆ ಕಟ್ಟಬೇಕು ಎಂದು ಒಂದು ಪಕ್ಷ, ಕಾಲಿನ ಮುಂದಿನ ಗಾರ್ಡಿಗೆ ಎಂದು ಇನ್ನೊಂದು. ಎಣ್ಣೆ ಕಾದ ಮೇಲಷ್ಟೇ ಕೂಲರಿಗೆ ಬಿಡುವ ಥರ್ಮೋಸ್ಟಾಟ್ ಬೇಕೇಬೇಕು ಎಂದ ನಿವೃತ್ತ ಬಸ್ ಡ್ರೈವರು, ಬೇಡವೇಬೇಡ ಎಂದ ಅಂಚೆಯವನ ಜೊತೆ ಮಾತು ಬಿಟ್ಟ. ಪಾದ್ರಿ ಕೂಡ ಬಂದು ಕೊಳವೆ ಎಷ್ಟು ದಪ್ಪ ಇರಬೇಕೆಂದು ಬೆರಳು ತೋರಿಸಿ ಹೋದರು.

ಕೆಲಸ ಮಾಡಿದವನು ಮಾತ್ರ ಒಬ್ಬನೇ, ಲೇತ್ ಅಂಗಡಿಯ ಲಾಜಾರೊಸ್. ಅವನು ಕೇಳಿದ್ದಕ್ಕೆ ಉತ್ತರ ಕೊಡುವವನು, ಕೇಳದ್ದಕ್ಕೆ ಬಾಯಿ ಬಿಡುವವನಲ್ಲ. ಥೆಸ್ಸಲೊನೀಕಿಯ ಗುಜರಿಯಿಂದ ಅನೆಸ್ತಿಸ್ ತಂದುಕೊಟ್ಟ ಹಳೇ ಕೂಲರನ್ನು ಪೆಟ್ರೋಲು ಹಾಕಿ ಮೂರು ಸಲ ತೊಳೆದ. ಎಣ್ಣೆ ಫಿಲ್ಟರಿನ ಮುಚ್ಚಳದ ಜಾಗಕ್ಕೆ ಅಲ್ಯೂಮಿನಿಯಂ ತುಂಡೊಂದನ್ನು ಕಡೆದು, ಎಣ್ಣೆ ಹೋಗಲೊಂದು ಬರಲೊಂದು ತೂತು ಕೊರೆದ. ಟ್ರ್ಯಾಕ್ಟರಿಗೆ ಕೊಳವೆ ಮಾಡುವವನ ಹತ್ತಿರ ಎರಡು ಕೊಳವೆ ಮಾಡಿಸಿದ. ಕೂಲರು ಕೊನೆಗೆ ಮುಂದಿನ ಗಾರ್ಡಿಗೇ ಕೂತಿತು. ಒಂದು ಹನಿ ಸೋರಲಿಲ್ಲ.

ಪರೀಕ್ಷೆಗೆ ಅನೆಸ್ತಿಸ್ ಹೆದ್ದಾರಿಗೆ ಹೋದ. ನೂರರ ವೇಗದಲ್ಲಿ ಸೇರೆಸ್ ತನಕ ಹೋಗಿ ಬಂದ. ಎಣ್ಣೆ ಅಳೆಯುವ ಕಡ್ಡಿಯ ತಲೆಯಲ್ಲಿದ್ದ ಉಷ್ಣಮಾಪಕದ ಮುಳ್ಳು ತೊಂಬತ್ತು ಡಿಗ್ರಿಯಿಂದ ಅಲ್ಲಾಡಲಿಲ್ಲ. ಇಡೀ ಕಾಫಿ ಅಂಗಡಿ ಎದ್ದು ನಿಂತು ಚಪ್ಪಾಳೆ ತಟ್ಟಿತು. ಪ್ರತಿಯೊಬ್ಬನೂ ಇದು ತನ್ನದೇ ಐಡಿಯಾ ಎಂದು ಹೆಂಡತಿಗೆ ಹೇಳಿದ.

ಮದುವೆಯ ದಿನ ಬಂತು. ದೆಸ್ಪಿನಾಳ ಅಕ್ಕ ಪೊಲಿಕ್ಸೇನಿ ಬೆಳಗ್ಗೆಯೇ ಬಂದು ಸೈಡ್‌ಕಾರಿಗೆಲ್ಲ ಬಿಳೀ ಪರದೆ, ಹೂವು ಕಟ್ಟಿದಳು. ಗಾರ್ಡಿನ ಮೇಲಿದ್ದ ಆ ಕರೀ ಜಾಲರಿ ಅವಳ ಕಣ್ಣಿಗೆ ಬಹಳ ಅವಲಕ್ಷಣವಾಗಿ ಕಂಡದ್ದರಿಂದ ಅದಕ್ಕೆ ನಾಲ್ಕು ಸುತ್ತು ಪರದೆ ಹೆಚ್ಚಾಗಿಯೇ ಸುತ್ತಿದಳು. ನೋಡಿದವರೆಲ್ಲ ಚಂದ ಅಂದರು, ಅನೆಸ್ತಿಸನೂ ಅಂದ.

ಐದು ಗಂಟೆಗೆ ಮೆರವಣಿಗೆ ಹೊರಟಿತು. ಮುಂದೆ ಜುರ್ನಾ ಊದುವವರಿಬ್ಬರು, ಹೆಗಲಿಗೆ ದೊಡ್ಡ ಡೋಲು ಹಾಕಿಕೊಂಡವನೊಬ್ಬ. ಅವರ ಹಿಂದೆ ಕುಣಿಯುವ ನೆಂಟರು, ನೆಂಟರ ಹಿಂದೆ ಬೈಕು, ಎಲ್ಲರ ಹಿಂದೆ ಲಾಂಬ್ರೊಸನ ಕಾರು. ಚರ್ಚು ಬರೀ ಏಳುನೂರು ಮೀಟರು. ಆದರೆ ಜುರ್ನಾದವರು ಪ್ರತಿ ಮನೆ ಬಾಗಿಲಲ್ಲೂ ನಿಲ್ಲಬೇಕು, ಆ ಮನೆಯವರು ತಟ್ಟೆಯಲ್ಲಿ ತ್ಸಿಪುರೊ ಸಾರಾಯಿ ತರಬೇಕು, ಎಲ್ಲರೂ ಕುಡಿದು ಒಂದು ಸುತ್ತು ಕುಣಿಯಬೇಕು. ಇದು ಅಜ್ಜನ ಕಾಲದಿಂದ ನಡೆದು ಬಂದದ್ದು. ಮೂರು ವಾರ ತಲೆ ಚಚ್ಚಿಕೊಂಡ ಪಂಡಿತರಲ್ಲಿ ಒಬ್ಬನಿಗೂ ಇದು ನೆನಪಾಗಿರಲಿಲ್ಲ.

ನಾಲ್ಕನೇ ಮನೆಗೆ ಮುಳ್ಳು ನೂರಹತ್ತು. ಏಳನೇ ಮನೆಗೆ ನೂರಿಪ್ಪತ್ತೈದು. ಎಂಜಿನ್ನು ಮುಲುಗತೊಡಗಿತು. ಅನೆಸ್ತಿಸ್ ಪಕ್ಕಕ್ಕೆ ತಿರುಗಿ ಕೂಗಿದ.

"ಲಾಜಾರೊ! ಏನಾಗಿದೆಯೋ ಇದಕ್ಕೆ?"

ಕೈಯಲ್ಲಿ ಗ್ಲಾಸು ಹಿಡಿದು ಪಕ್ಕದಲ್ಲೇ ನಡೆಯುತ್ತಿದ್ದ ಲಾಜಾರೊಸ್ ಬಗ್ಗಿ ನೋಡಿದ. "ಏನೂ ಆಗಿಲ್ಲ. ಗಾಳಿ ಇಲ್ಲ."

"ಗಾಳಿ?"

"ಕೂಲರು ತಣ್ಣಗಾಗೋದು ಗಾಳಿಯಿಂದ ತಾನೇ? ಗಾಡಿ ಓಡಿದ್ರೆ ಗಾಳಿ. ನೀನು ಓಡ್ತಾ ಇಲ್ವಲ್ಲ. ಮೇಲಿಂದ ಕಂಬಳಿ ಬೇರೆ ಹೊದಿಸಿದ್ದೀಯ."

"ಇದನ್ನ ಈಗ ಹೇಳ್ತೀಯೇನೋ ಪಾಪಿ?"

"ಸೋರುತ್ತಾ ಅಂತ ನೀನು ಕೇಳಿದ್ದೆ. ಸೋರಲ್ಲ ಅಂತ ನಾನಂದೆ. ಸೋರ್ತಾ ಇದೆಯಾ?"

ಪೊಲಿಕ್ಸೇನಿಯ ಪರದೆಯನ್ನು ಅವಳ ಕಣ್ಣೆದುರೇ ಹರಿದೆಸೆದರು. ಅವಳು ಅಳಲು ಶುರುಮಾಡಿದಳು. ಅಕ್ಕಪಕ್ಕದ ಮನೆಯ ಹೆಂಗಸರು ಒಲೆಯಲ್ಲಿ ರೊಟ್ಟಿ ಬೇಯಿಸುವ ದೊಡ್ಡ ದೊಡ್ಡ ತಟ್ಟೆಗಳನ್ನು ತಂದು ಕೂಲರಿಗೆ ಗಾಳಿ ಬೀಸಿದರು. ಮದುವಣಗಿತ್ತಿ ಬೆವರಿನಲ್ಲಿ ತೊಯ್ದು ಕೂತಿದ್ದಳು, ಅವಳನ್ನು ಕೇಳುವವರಿಲ್ಲ. ಮುಳ್ಳು ನೂರಮೂವತ್ತೈದು. ಹಿಂದಿನಿಂದ ಲಾಂಬ್ರೊಸ್ ಕಾರಿನ ಕಿಟಕಿ ಇಳಿಸಿ, "ಭಾವಾ, ಒಳಗೆ ತಣ್ಣಗಿದೆ. ಮಗೂನ ಕಳಿಸ್ತೀಯಾ?" ಎಂದು ಕೂಗಿದ. ಆ ದನಿಯಲ್ಲಿದ್ದ ಸಕ್ಕರೆಗೆ ಅನೆಸ್ತಿಸನ ರಕ್ತ ಕುದಿಯಿತು.

ಅವನು ಮಗಳ ಕಡೆ ನೋಡಿದ. ಅವಳೂ ಅವನನ್ನೇ ನೋಡಿದಳು. ಆ ನೋಟ ಅವನಿಗೆ ಪರಿಚಯದ್ದೇ. ಸೇತುವೆಯ ಮೇಲೂ, ಕಲ್ಲಂಗಡಿ ಲಾರಿಯಿಂದಲೂ ಅವಳು ಹೀಗೇ ನೋಡಿದ್ದಳು.

"ಗಟ್ಟಿಯಾಗಿ ಹಿಡ್ಕೋ" ಎಂದವನೇ ಹ್ಯಾಂಡಲ್ ತಿರುಗಿಸಿ ಪಕ್ಕದ ಓಣಿಗೆ ನುಗ್ಗಿದ. ಕೋಳಿಗಳು ಹಾರಿದವು. ಓಣಿ ದಾಟಿ, ಚರ್ಚಿನ ಮುಂದಿನ ರಸ್ತೆಗೆ ಬಿದ್ದ. ಚರ್ಚಿನ ಮೆಟ್ಟಿಲ ಮೇಲೆ ವರ ತಿಮಿಯೊಸ್ ಹೂಗುಚ್ಛ ಹಿಡಿದು ಕಾಯುತ್ತಿದ್ದ. ಬೈಕು ಕಂಡು ಅವನ ಮುಖ ಅರಳಿತು. ಬೈಕು ನಿಲ್ಲದೆ ಎಂಬತ್ತರ ವೇಗದಲ್ಲಿ ಅವನೆದುರಿಗೇ ಹಾದುಹೋಯಿತು. ಅವನ ತಾಯಿ ಅಲ್ಲೇ ಕುಸಿದು ಕೂತಳು. ಹುಡುಗಿ ಓಡಿಹೋದಳು ಎಂಬ ಸುದ್ದಿ, ಅವಳು ಹೆದ್ದಾರಿ ಮುಟ್ಟುವ ಮೊದಲೇ ಕಾಫಿ ಅಂಗಡಿ ಮುಟ್ಟಿತು. ಯಾರ ಜೊತೆ ಎಂಬುದೊಂದೇ ಅಲ್ಲಿ ಚರ್ಚೆಗೆ ಉಳಿದದ್ದು.

"ಅಪ್ಪಾ, ಚರ್ಚು ಹಿಂದೆ ಹೋಯ್ತು!"

"ಗೊತ್ತು! ಗಾಳಿ ಬೇಕು! ಜುರ್ನಾಗಿಂತ ಮೊದ್ಲು ಹೋಗಿ ನಿಂತ್ರೆ ಊರು ನಗುತ್ತೆ!"

"ಈಗ ನಗಲ್ವಾ?"

ಅವನು ಬೈಕಿನ ವೇಗ ಇನ್ನಷ್ಟು ಏರಿಸಿದ. ಎರಡೂ ಕಡೆ ಹತ್ತಿಯ ಹೊಲಗಳು ಹಿಂದಕ್ಕೆ ಓಡಿದವು. ಮುಳ್ಳು ನೂರಿಪ್ಪತ್ತಕ್ಕೆ ಇಳಿಯಿತು, ಆಮೇಲೆ ನೂರಕ್ಕೆ. ಎವಾಂಥಿಯಾಳ ತಲೆಯ ಮೇಲಿನ ಪರದೆ ಎಲ್ಲಿ ಹಾರಿತೋ ದೇವರಿಗೇ ಗೊತ್ತು. ಅವಳು ಅಳುತ್ತಿದ್ದಾಳೆಂದು ಅವನು ಹೆದರಿ ತಿರುಗಿ ನೋಡಿದರೆ, ಹುಡುಗಿ ಬಾಯಿ ತುಂಬ ನಗುತ್ತಿದ್ದಳು.

"ಕೋಪ ಇಲ್ವೇನೆ?" ಎಂದು ಕೂಗಿದ.

"ಅಪ್ಪಾ, ನಾನು ಈ ಬೈಕು ಯಾಕೆ ಕೇಳ್ದೆ ಗೊತ್ತಾ? ನಿನ್ನ ಜೊತೆ ಇಲ್ಲಿ ತನಕ ನಾನು ಎಲ್ಲಿಗೂ ಪೂರ್ತಿ ಹೋಗಿಲ್ಲ. ಎಲ್ಲಾ ಅರ್ಧ ದಾರಿ. ಮಿಕ್ಕಿದ್ದು ಯಾರ್ಯಾರದೋ ಗಾಡೀಲಿ. ಇವತ್ತೊಂದು ದಿನ ಪೂರ್ತಿ ಹೋಗ್ಬೇಕು ಅನ್ನಿಸ್ತು."

ಅನೆಸ್ತಿಸ್ ರಸ್ತೆ ನೋಡಿದ. ಗಾಳಿಗೆ ಕಣ್ಣಲ್ಲಿ ನೀರು ಬರುತ್ತದಲ್ಲ, ಅದು ಅಂತ ತನಗೆ ತಾನೇ ಹೇಳಿಕೊಂಡ. ಮುಂದಿನ ಕೂಡುರಸ್ತೆಯಲ್ಲಿ ಬೈಕು ತಿರುಗಿಸಿದ.

ಚರ್ಚಿನ ಮುಂದೆ ಜುರ್ನಾದವರು ಆಗಲೇ ಬಂದು ನಿಂತಿದ್ದರು. ಬೈಕು ಕಂಡದ್ದೇ ತಡ, ಡೋಲು ಬಡಿಯತೊಡಗಿತು. ಮೆಟ್ಟಿಲ ಬುಡದಲ್ಲಿ ಅನೆಸ್ತಿಸ್ ಬ್ರೇಕು ಹಾಕಿದ. ಬೈಕು ನಿಂತಿತು, ಎಂಜಿನ್ನು ಓಡುತ್ತಲೇ ಇತ್ತು. ತಿಮಿಯೊಸ್ ಓಡಿ ಬಂದು, ಹೂಗುಚ್ಛ ಕೊಡಬೇಕೋ ಬೈಯಬೇಕೋ ತಿಳಿಯದೆ ನಿಂತ. ಎವಾಂಥಿಯಾ ಅವನ ಕೈ ಹಿಡಿದು ಇಳಿದಳು. ಅಪ್ಪ ಮಾತ್ರ ಇಳಿಯಲಿಲ್ಲ. ಎರಡೂ ಕೈಯಲ್ಲಿ ಹ್ಯಾಂಡಲ್ ಬಿಗಿಯಾಗಿ ಹಿಡಿದು, ಎಂಜಿನ್ನು ಎಲ್ಲಿ ಆರಿಹೋಗುತ್ತೋ ಎಂದು ಆಕ್ಸಿಲರೇಟರ್ ತಿರುಗಿಸುತ್ತಲೇ ಇದ್ದ.

ಎವಾಂಥಿಯಾ ವರನ ಕೈ ಬಿಟ್ಟು ಹಿಂದಕ್ಕೆ ಬಂದಳು. ಬಿಳೀ ತೋಳಿಗೆ ಎಣ್ಣೆ ಮೆತ್ತಿಕೊಳ್ಳುವುದನ್ನೂ ಲೆಕ್ಕಿಸದೆ ಬಗ್ಗಿ, ಹೆಡ್‌ಲೈಟಿನ ಹತ್ತಿರದ ಬೀಗದ ಕೈಯನ್ನು ತಿರುಗಿಸಿದಳು. ಎಂಜಿನ್ನು ಆರಿತು.

"ಬಂದ್ವಿ ಅಪ್ಪಾ. ಇನ್ನು ನಿಲ್ಲಿಸಬಹುದು."

ಕೆಡದೆ ನಿಂತ ಬೈಕಿನಿಂದ ಹೇಗೆ ಇಳಿಯಬೇಕೆಂಬುದೇ ಅನೆಸ್ತಿಸನಿಗೆ ತಿಳಿಯಲಿಲ್ಲ. ಅಷ್ಟು ಜನರ ಎದುರು, ಸೀಟಿನ ಮೇಲೆ ಕೂತೇ, ಗೊಳೋ ಎಂದು ಅತ್ತುಬಿಟ್ಟ.